ಶ್ವಾನಪಾಲನೆಯ ಜೀವಿಕೆ: ಒಂದು ಐತಿಹಾಸಿಕ ವಿಚಾರ

ಗೃಹಸ್ಥನಿಗೆ ಇರಬೇಕಾದ ಗುಣಗಳನ್ನು ಎಣಿಸುವಾಗ ನಮ್ಮ ಆಚಾರ್ಯರೂ ಪಂಡಿತರೂ ಮೊಟ್ಟಮೊದಲು ಎತ್ತಿಕೊಳ್ಳುವುದು ಹಣದ ವಿಷಯವನ್ನು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು (1089–1172) ತಮ್ಮ ಯೋಗಶಾಸ್ತ್ರದಲ್ಲಿಯೂ ದಿಗಂಬರ ಪರಂಪರೆಯ ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ರಚಿಸಿದ ಸಾಗಾರಧರ್ಮಾಮೃತದಲ್ಲಿಯೂ ಶ್ರಾವಕನ ಲಕ್ಷಣಗಳನ್ನು ನ್ಯಾಯದಿಂದ ಗಳಿಸಿದ ಧನದಿಂದಲೇ ಪ್ರಾರಂಭಿಸುತ್ತಾರೆ. ಪೂಜೆ, ದಾನ, ಉಪವಾಸಗಳು ಆ ಮೇಲಿನವು. ವ್ಯಾಪಾರಿಗಳಾದ ನಮಗೆ ಇದು ಹೊಸ ಮಾತಲ್ಲ. ಆದರೆ ಯಾವ ಗಳಿಕೆ ನ್ಯಾಯದ್ದು, ಯಾವುದು ನಿಷಿದ್ಧ ಎಂಬುದನ್ನು ನಿಶ್ಚಯಿಸುವಾಗ ನಾವು ಗ್ರಂಥವನ್ನು ನೋಡುತ್ತೇವೆಯೋ, ರೂಢಿಯನ್ನು ನೋಡುತ್ತೇವೆಯೋ ಎಂಬ ಪ್ರಶ್ನೆ ನನ್ನನ್ನು ಕೆಲವು ಕಾಲದಿಂದ ಕಾಡುತ್ತಿದೆ. ಅದಕ್ಕೆ ಕಾರಣವಾದ ಪ್ರಸಂಗವನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ನಮ್ಮ ಬಂಧುವರ್ಗದ ಒಬ್ಬ ತರುಣನು ಬೆಂಗಳೂರಿನಲ್ಲಿ ಇದ್ದ ಕಚೇರಿಯ ಕೆಲಸವನ್ನು ಬಿಟ್ಟು, ಮನೆಮನೆಗಳ ನಾಯಿಗಳನ್ನು ಬೆಳಗ್ಗೆ ಸಂಜೆ ಅಡ್ಡಾಡಿಸಿಕೊಂಡು ಬರುವ ಕೆಲಸವನ್ನು ಹಿಡಿದನು. ಯಜಮಾನರು ಪರಸ್ಥಳಕ್ಕೆ ಹೋದಾಗ ಅವುಗಳನ್ನು ತನ್ನಲ್ಲಿಟ್ಟುಕೊಂಡು ನೋಡಿಕೊಳ್ಳುವುದೂ ಅವನ ಕೆಲಸವೇ. ಅವನಿಗೆ ಒಂದು ಒಳ್ಳೆಯ ಮನೆತನದಿಂದ ಸಂಬಂಧ ಕೂಡಿಬಂದಿತ್ತು. ಕನ್ಯೆಯ ಹಿರಿಯರು ನನ್ನ ಪರಿಚಿತರು. ಹುಡುಗನ ಉದ್ಯೋಗ ನಮ್ಮ ಧರ್ಮಕ್ಕೆ ಒಪ್ಪುವಂಥದೇ ಎಂದು ನನ್ನನ್ನು ಪತ್ರಮುಖೇನ ಕೇಳಿದರು. ಶಾಸ್ತ್ರ ಓದಿದವನೆಂಬ ಹೆಸರಿರುವವನಿಗೆ ಇಂಥ ಪ್ರಶ್ನೆ ಬಂದರೆ ಉತ್ತರಿಸುವ ಆತುರವೇ ಹೆಚ್ಚು. ಹಣಕ್ಕಾಗಿ ನಾಯಿ ಸಾಕುವುದು ಹದಿನೈದು ಕರ್ಮಾದಾನಗಳಲ್ಲಿ ಒಂದು, ಅದು ಶ್ರಾವಕನಿಗೆ ವರ್ಜ್ಯ ಎಂದು ಎರಡು ಸಾಲು ಬರೆದು ಕಳುಹಿಸಿದೆ. ಸಂಬಂಧ ಮುರಿಯಿತು.

ಕೆಲವು ತಿಂಗಳ ಬಳಿಕ ಒಂದು ಮಂಗಳಕಾರ್ಯದಲ್ಲಿ ಆ ಹುಡುಗ ಎದುರಾದನು. ಅವನಿಗೆ ವಿಷಯ ತಿಳಿದಿತ್ತು. ಸಿಟ್ಟಿನಿಂದೇನೂ ಮಾತಾಡಲಿಲ್ಲ. "ಕಾಕಾ, ಆ ಶ್ಲೋಕದಾಗ ರೊಕ್ಕಕ್ಕ ನಾಯಿ ಸಾಕೂದು ಅಂತ ಅದನೋ, ರೊಕ್ಕ ತಗೊಂಡು ನಾಯಿ ನೋಡಿಕೊಳ್ಳೂದು ಅಂತ ಅದನೋ?" ಎಂದು ಮಾತ್ರ ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಪುಸ್ತಕಗಳನ್ನು ಇಳಿಸಿದೆ. ಈ ಲೇಖನ ಆ ಓದಿನ ಫಲ.

ಹದಿನೈದು ಕರ್ಮಾದಾನಗಳ ಪಟ್ಟಿ ಬಹಳ ಪ್ರಾಚೀನವಾದುದು. ಉಪಾಸಕದಶಾಂಗದ ಮೊದಲ ಅಧ್ಯಯನದಲ್ಲಿ, ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ವ್ರತ ಸ್ವೀಕರಿಸಿದ ಆನಂದ ಶ್ರಾವಕನ ಕಥೆಯಲ್ಲಿ ಅದು ಬರುತ್ತದೆ. ಇದ್ದಿಲು ಸುಡುವ ವೃತ್ತಿ, ಕಾಡು ಕಡಿಯುವ ವೃತ್ತಿ, ದಂತದ ವ್ಯಾಪಾರ, ವಿಷದ ವ್ಯಾಪಾರ, ಕೆರೆ ಬತ್ತಿಸುವುದು ಮೊದಲಾದವುಗಳ ಕೊನೆಯಲ್ಲಿ ಇರುವುದು ಅಸತೀಪೋಷಣ. ಪದದ ನೇರ ಅರ್ಥ ಶೀಲವಿಲ್ಲದವರನ್ನು ಸಾಕುವುದು. ದಾಸಿಯರನ್ನು ಇಟ್ಟುಕೊಂಡು ಅವರ ದೇಹದಿಂದ ಬಾಡಿಗೆ ತಿನ್ನುವ ಹೀನ ವೃತ್ತಿಯನ್ನು ವ್ಯಾಖ್ಯಾನಕಾರರು ಇದರಲ್ಲಿ ಕಂಡರು. ಹೇಮಚಂದ್ರರು ಈ ಪದವನ್ನು ವಿವರಿಸುವಾಗ ದಾಸಿಯ ಜೊತೆಗೆ ಗೊರವಂಕ, ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಧನಕ್ಕಾಗಿ ಪೋಷಿಸುವುದನ್ನೂ ಸೇರಿಸಿದರು. ನಾನು ಪತ್ರದಲ್ಲಿ ಬರೆದದ್ದು ಇದನ್ನು ನೆನೆದು. ಗ್ರಂಥದಲ್ಲಿ ನಾಯಿಯ ಹೆಸರಿರುವುದು ನಿಜ; ಅದನ್ನು ಮುಚ್ಚಿಡಲಾಗದು.

ಆದರೆ ಅದು ಯಾವ ಪಂಕ್ತಿಯಲ್ಲಿ ಕುಳಿತಿದೆ ಎಂಬುದನ್ನು ಗಮನಿಸಬೇಕು. ದಾಸಿಯನ್ನು ಸಾಕಿದವನು ಅವಳ ಒಡೆಯ. ಅವಳ ದೇಹವನ್ನು ಮಾರಿ ಹಣ ಮಾಡುವವನು. ಅದೇ ಪಂಕ್ತಿಯ ಗಿಳಿ, ಕೋಳಿ, ನಾಯಿಗಳೂ ಒಡೆಯನ ಸರಕುಗಳು. ಇಂದು ಈ ನಿಷೇಧ ನೇರವಾಗಿ ತಗಲುವುದು ಮರಿ ಹಾಕಿಸಿ ಮಾರುವ ಉದ್ಯಮಕ್ಕೆ. ಹೆಣ್ಣುನಾಯಿಯನ್ನು ಗೂಡಿನಲ್ಲಿಟ್ಟು, ಒಂದು ಸೂಲಿನ ಮರಿಗಳನ್ನು ಕಸಿದು ಇನ್ನೊಂದು ಸೂಲಿಗೆ ಸಿದ್ಧಪಡಿಸುವ ಆ ಗಳಿಕೆಯನ್ನು ಹೇಮಚಂದ್ರರು ಕಂಡಿದ್ದರೆ ಬೇರೆ ಹೆಸರು ಹುಡುಕುತ್ತಿರಲಿಲ್ಲ. ಸರಕಾರವೂ 2017ರಲ್ಲಿ ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ನಿಯಮಗಳನ್ನು ಮಾಡಿ, ಎಂಟು ವಾರ ತುಂಬದ ಮರಿಗಳ ಮಾರಾಟವನ್ನು ನಿಷೇಧಿಸಿತು. ನಮ್ಮ ಹುಡುಗನು ನಾಯಿಯ ಒಡೆಯನಲ್ಲ, ಮಾರುವವನಲ್ಲ. ಅವನು ಪಡೆಯುವುದು ತನ್ನ ಕಾಲಿನ ನಡಿಗೆಗೆ, ಕಣ್ಣಿನ ಎಚ್ಚರಕ್ಕೆ ಕೂಲಿ.

ಇದಕ್ಕೆ ಎದುರಾದ ಪಕ್ಷವೂ ದುರ್ಬಲವಲ್ಲ. ಬೆಕ್ಕು, ನಾಯಿಗಳಂಥ ಹಿಂಸ್ರ ಪ್ರಾಣಿಗಳನ್ನು ಪೋಷಿಸಿದರೆ ಅವು ಮಾಡುವ ಹಿಂಸೆಯಲ್ಲಿ ಪೋಷಿಸಿದವನಿಗೂ ಪಾಲು ಬರುತ್ತದೆ ಎಂಬ ನಿಲುವು ನಮ್ಮ ಶ್ರಾವಕಾಚಾರಗಳಲ್ಲಿ ಇದೆ. ಅನರ್ಥದಂಡದ ಪ್ರಕರಣದಲ್ಲಿ ಇಂಥ ಮಾತು ಬರುತ್ತದೆ. ಮುನಿಗಳ ಆಹಾರದಾನ ನಡೆಯುವ ಮನೆಯಲ್ಲಿ ನಾಯಿ ಇರಕೂಡದೆಂಬ ಭಾವನೆಯೂ ನಮ್ಮ ಅನೇಕ ಕುಟುಂಬಗಳಲ್ಲಿ ಬಲವಾಗಿದೆ. ಇವೆರಡನ್ನೂ ಎದುರಿಗಿಟ್ಟುಕೊಂಡೇ ನಾನು ಆಶಾಧರರ ಕಡೆಗೆ ತಿರುಗಿದೆ. ಅವರು ಈ ಹದಿನೈದನ್ನೂ ಎಣಿಸಿ, ಅನಂತರ ಒಂದು ವಿಲಕ್ಷಣವಾದ ಟೀಕೆಯನ್ನು ಮಾಡುತ್ತಾರೆ. ಕೆಲವರು ಹೀಗೆ ಪಟ್ಟಿ ಮಾಡುತ್ತಾರೆ, ಅದು ಅಷ್ಟು ಸರಿಯಲ್ಲ, ಏಕೆಂದರೆ ಲೋಕದಲ್ಲಿ ಪಾಪದ ಕಸುಬುಗಳಿಗೆ ಲೆಕ್ಕವೇ ಇಲ್ಲ. ತೀರ ಮಂದಬುದ್ಧಿಯವರಿಗಾಗಿ ಬೇಕಾದರೆ ಪಟ್ಟಿಯನ್ನು ಹೇಳಬಹುದು ಎಂಬುದು ಅವರ ಅಭಿಪ್ರಾಯ. ಇದನ್ನು ಓದಿದಾಗ ನಾನು ಬರೆದ ಎರಡು ಸಾಲಿನ ಪತ್ರ ನೆನಪಾಯಿತು. ಪಂಡಿತರು ನನ್ನನ್ನೇ ಕುರಿತು ಹೇಳಿದಂತಾಯಿತು. ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿ ಮುಗಿಸುವುದಲ್ಲ, ಆ ಕಸುಬಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ನೋಡಬೇಕು ಎಂಬುದೇ ಅವರ ಮಾತಿನ ತಾತ್ಪರ್ಯ.

ಬೇರೆಯವರ ಪ್ರಾಣಿಯನ್ನು ಕೂಲಿಗೆ ಕಾಯುವುದು ಈ ದೇಶದಲ್ಲಿ ಹೊಸ ಉದ್ಯೋಗವೇನಲ್ಲ. ಆನಂದ ಶ್ರಾವಕನಲ್ಲಿ ಹತ್ತು ಹತ್ತು ಸಾವಿರ ಹಸುಗಳ ನಾಲ್ಕು ಮಂದೆಗಳಿದ್ದುವೆಂದು ಉಪಾಸಕದಶಾಂಗವೇ ಹೇಳುತ್ತದೆ. ನಲವತ್ತು ಸಾವಿರ ಹಸುಗಳನ್ನು ಆನಂದನು ತಾನೇ ಮೇಯಿಸಿರಲಾರನು. ಪ್ರಾಚೀನ ಧರ್ಮಶಾಸ್ತ್ರಗಳು ವ್ಯವಹಾರದ ಹದಿನೆಂಟು ವಿವಾದಗಳಲ್ಲಿ ಸ್ವಾಮಿ–ಪಾಲ ವಿವಾದಕ್ಕೆ, ಅಂದರೆ ಪಶುವಿನ ಒಡೆಯ ಮತ್ತು ಕಾಯುವವನ ನಡುವಿನ ತಕರಾರಿಗೆ, ಒಂದು ಸ್ಥಾನವನ್ನೇ ಮೀಸಲಿಟ್ಟಿವೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಅದರ ವಿವರಗಳಿವೆ. ಹಗಲಿನ ಹೊಣೆ ಕಾಯುವವನದು. ಪಶುವು ಒಡೆಯನ ಮನೆ ಸೇರಿದ್ದರೆ ರಾತ್ರಿಯ ಹೊಣೆ ಒಡೆಯನದು. ಹಾಲಿನ ರೂಪದಲ್ಲಿ ಕೂಲಿ ಪಡೆಯುವವನು ಹತ್ತು ಹಸುಗಳಲ್ಲಿ ಉತ್ತಮವಾದ ಒಂದನ್ನು ಕರೆದುಕೊಳ್ಳಬಹುದು. ಕಾಯುವವನ ಉದಾಸೀನದಿಂದ ಪಶು ಕಳೆದರೆ, ಹುಳು ಬಿದ್ದು ಸತ್ತರೆ, ಹಳ್ಳಕ್ಕೆ ಬಿದ್ದರೆ ಅವನೇ ತುಂಬಿಕೊಡಬೇಕು. ಕಳ್ಳರು ಬಹಿರಂಗವಾಗಿ ಹೊಡೆದುಕೊಂಡು ಹೋದಾಗ ಅವನು ಸಕಾಲದಲ್ಲಿ ಒಡೆಯನಿಗೆ ತಿಳಿಸಿದರೆ ಹೊಣೆಯಿಲ್ಲ. ವೈದಿಕ ಗ್ರಂಥದ ಪ್ರಮಾಣ ನಮಗೇಕೆ ಎನ್ನುವವರುಂಟು. ನಾನು ಇದನ್ನು ಧರ್ಮಪ್ರಮಾಣವಾಗಿ ಹೇಳುತ್ತಿಲ್ಲ. ಇಂಥ ಕೂಲಿ ಅಂದಿನ ಸಮಾಜದಲ್ಲಿ ಮರ್ಯಾದೆಯುಳ್ಳ ಒಪ್ಪಂದವಾಗಿತ್ತೆಂಬುದಕ್ಕೆ ಸಾಕ್ಷಿಯಾಗಿ ಹೇಳುತ್ತಿದ್ದೇನೆ.

ಬಿ.ಕಾಂ. ತರಗತಿಯಲ್ಲಿ ನಮಗೆ 1872ರ ಭಾರತೀಯ ಒಪ್ಪಂದ ಕಾಯಿದೆಯನ್ನು ಬೋಧಿಸಿದ್ದರು. ಅದರಲ್ಲಿ ಬೇಲ್‌ಮೆಂಟ್ ಎಂಬ ಅಧ್ಯಾಯವಿದೆ. ಒಬ್ಬನು ತನ್ನ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಇನ್ನೊಬ್ಬನ ವಶಕ್ಕೆ ಕೊಟ್ಟು, ಉದ್ದೇಶ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಒಪ್ಪಂದವದು. ವಶಕ್ಕೆ ಪಡೆದವನು ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕೆಂದು 151ನೆಯ ಕಲಮು ವಿಧಿಸುತ್ತದೆ. 163ನೆಯ ಕಲಮಿನ ಕೆಳಗೆ ಕೊಟ್ಟ ಉದಾಹರಣೆ ಇಂದಿಗೂ ನೆನಪಿದೆ: ನೋಡಿಕೊಳ್ಳಲು ಬಿಟ್ಟ ಹಸು ಕರು ಹಾಕಿದರೆ ಹಸುವಿನೊಡನೆ ಕರುವನ್ನೂ ಒಪ್ಪಿಸಬೇಕು. ನಮ್ಮ ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳ ನಡುವೆ ನ್ಯಾಸಾಪಹಾರವೆಂಬುದು ಇದೆಯಲ್ಲ, ಅದು ಇದೇ ವಿಷಯ. ನಂಬಿ ಇಟ್ಟುಹೋದದ್ದು ನ್ಯಾಸ. ಇಟ್ಟುಹೋದದ್ದು ಬಂಗಾರವಾದರೂ ಅಷ್ಟೆ, ಬಾಲವಾಡಿಸುವ ಜೀವವಾದರೂ ಅಷ್ಟೆ. ಬಂಗಾರಕ್ಕೆ ಹಸಿವಿಲ್ಲ ಎಂಬುದೊಂದೇ ವ್ಯತ್ಯಾಸ, ಮತ್ತು ಅದು ಕಾಯುವವನ ಹೊಣೆಯನ್ನು ಹೆಚ್ಚಿಸುತ್ತದೆ.

ನಾಯಿಯ ವಿಷಯಕ್ಕೆ ಬಂದರೆ ಕನ್ನಡ ನಾಡಿನ ಇತಿಹಾಸದಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ಆತಕೂರಿನ ಕಾಳಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಬಂದ 10ನೆಯ ಶತಮಾನದ ಶಿಲಾಶಾಸನದಲ್ಲಿ ಅದರ ಕಥೆಯಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳರನ್ನು ಗೆದ್ದ ತಕ್ಕೋಲದ ಯುದ್ಧದಲ್ಲಿ ಗಂಗ ದೊರೆ ಇಮ್ಮಡಿ ಬೂತುಗನ ಭಟನಾದ ಮಣಲೇರನು ಪರಾಕ್ರಮ ತೋರಿ, ಮೆಚ್ಚಿದ ದೊರೆಯಿಂದ ಈ ಬೇಟೆನಾಯಿಯನ್ನೇ ಬೇಡಿ ಪಡೆದನು. ಅದು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರನು ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಎರಡು ಖಂಡುಗದ ಭೂಮಿ ಬಿಟ್ಟು, ಅದರ ಪೂಜೆಯನ್ನು ಗೊರವನಿಗೆ ವಹಿಸಿದನು. ನಾಯಿಯ ಹೆಸರಿನಲ್ಲಿ ಅನ್ನ ಉಂಡ ಕನ್ನಡಿಗನೊಬ್ಬ ಸಾವಿರ ವರ್ಷಗಳ ಹಿಂದೆಯೇ ಇದ್ದನೆಂದು ಇದರಿಂದ ತಿಳಿಯುತ್ತದೆ. ಗಂಗರ ಮನೆತನ ನಮ್ಮ ಧರ್ಮಕ್ಕೆ ಆಶ್ರಯವಿತ್ತದ್ದು. ಆದರೂ ಹಂದಿಯನ್ನು ಕೊಂದುದಕ್ಕಾಗಿ ನಾಯಿಗೆ ಸಂದ ಆ ಗೌರವವನ್ನು ಜೈನನಾದವನು ಪೂರ್ಣಮನಸ್ಸಿನಿಂದ ಮೆಚ್ಚಲಾರನು.

ನಮ್ಮ ಕವಿಗಳು ನಾಯಿಯನ್ನು ನೋಡಿದ ಬಗೆ ಬೇರೆ. ಜನ್ನನ ಯಶೋಧರಚರಿತೆಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಪಾಪದಿಂದ ಯಶೋಧರನು ನವಿಲಾಗಿಯೂ ಅವನ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟುತ್ತಾರೆ. ಇಬ್ಬರೂ ತಮ್ಮದೇ ಅರಮನೆಗೆ ಕಾಣಿಕೆಯಾಗಿ ಬಂದು ಸೇರುತ್ತಾರೆ. ಮನೆಯ ಮಗನೇ ದೊರೆ. ಬಾಗಿಲಲ್ಲಿ ಕಟ್ಟಿದ ನಾಯಿ ಅವನ ಅಜ್ಜಿ ಎಂಬುದು ಅವನಿಗೆ ತಿಳಿಯದು. ಜೀವಂಧರನ ಕಥೆ ಇದಕ್ಕೆ ವಿರುದ್ಧವಾದ ದಿಕ್ಕಿನದು. ಯಜ್ಞದ ಅನ್ನವನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಗುತ್ತದೆ. ವಾದೀಭಸಿಂಹರ ಕ್ಷತ್ರಚೂಡಾಮಣಿಯಲ್ಲಿ, ಕನ್ನಡದಲ್ಲಿ ಭಾಸ್ಕರ ಕವಿಯ ಜೀವಂಧರಚರಿತೆಯಲ್ಲಿ ಇದನ್ನು ನಾವು ಓದಿದ್ದೇವೆ, ಮಕ್ಕಳಿಗೆ ಹೇಳಿದ್ದೇವೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ, ಧರ್ಮದಿಂದ ನಾಯಿಯೂ ದೇವನಾಗುವುದು, ಪಾಪದಿಂದ ದೇವನೂ ನಾಯಿಯಾಗುವುದು ಎಂಬ ತತ್ತ್ವವನ್ನು ಹೇಳಲು ಬೇರಾವ ಪ್ರಾಣಿಯನ್ನೂ ಆರಿಸಿಕೊಳ್ಳಲಿಲ್ಲ.

ಈಗ ಇತಿಹಾಸದ ಬಹು ಮುಖ್ಯವಾದ ಪ್ರಕರಣಕ್ಕೆ ಬರುತ್ತೇನೆ. ಅದು ನಡೆದುದು ಮುಂಬಯಿಯಲ್ಲಿ, 1832ರಲ್ಲಿ. ಬೇಸಗೆಯ ಕಾಲದಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಅವಕಾಶ ಕೊಡುವ ನಿಯಮ 1813ರಿಂದಲೇ ಅಲ್ಲಿ ಇತ್ತು. 1832ರಲ್ಲಿ ಆ ಅವಧಿಯನ್ನು ಜೂನ್ 15ರ ವರೆಗೆ ವಿಸ್ತರಿಸಿ, ಕೊಂದ ಒಂದೊಂದು ನಾಯಿಗೂ ಎಂಟಾಣೆ ಇನಾಮು ಗೊತ್ತುಮಾಡಿದರು. ಅಂದಿನ ಎಂಟಾಣೆ ಬಡವನಿಗೆ ಸಣ್ಣ ಹಣವಲ್ಲ. ನಾಯಿ ಹಿಡಿಯುವವರು ಬೀದಿಯ ನಾಯಿಗಳಿಗೆ ತೃಪ್ತರಾಗದೆ ಮನೆಯಂಗಳಕ್ಕೆ ನುಗ್ಗಿ ಸಾಕಿದ ನಾಯಿಗಳನ್ನೂ ಎಳೆದೊಯ್ಯತೊಡಗಿದರು. ಎಣಿಕೆಗೆ ಇನಾಮು ಕಟ್ಟಿದ ಎಲ್ಲ ಕಡೆಯೂ ಹೀಗೇ ಆಗುತ್ತದೆ. ವ್ಯಾಪಾರದಲ್ಲಿ ಕಮಿಷನ್ ಏಜೆಂಟರನ್ನು ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಾರಸಿಗಳಿಗೆ ನಾಯಿ ಪವಿತ್ರ ಪ್ರಾಣಿ. ಜೂನ್ 6 ಅವರಿಗೆ ಪುಣ್ಯದಿನವಾಗಿತ್ತು. ಅಂದು ನಾಯಿ ಹಿಡಿಯುವವರ ಮೇಲೆಯೂ ಪೊಲೀಸರ ಮೇಲೆಯೂ ಜನ ತಿರುಗಿಬಿದ್ದರು. ಮರುದಿನ ಜೈನ, ಹಿಂದೂ ವರ್ತಕರೂ ಸೇರಿಕೊಂಡು ಅಂಗಡಿಗಳೆಲ್ಲ ಮುಚ್ಚಿದವು. ಕೊಲಾಬಾದ ಸೈನ್ಯಕ್ಕೆ ಹೋಗಬೇಕಾಗಿದ್ದ ಆಹಾರ, ನೀರು ಕೂಡ ನಿಂತಿತು. ಸೈನ್ಯ ಬಂದು ಗಲಭೆಯನ್ನು ಅಡಗಿಸಿತು, ಹಲವರ ಬಂಧನವಾಯಿತು. ಆದರೆ ಅನಂತರ ನಗರದ ಪ್ರಮುಖರು ಮಾಡಿಕೊಂಡ ಮನವಿಯಿಂದ, ನಾಯಿಗಳನ್ನು ಕೊಲ್ಲುವ ಬದಲು ಊರ ಹೊರಗೆ ಸಾಗಿಸುವ ಏರ್ಪಾಡಿಗೆ ಸರಕಾರ ಒಪ್ಪಿತು. ಸಾಗಿಸಿದ ಪ್ರಾಣಿಗಳನ್ನು ಇಡುವುದೆಲ್ಲಿ? ಪಾರಸಿ ಶ್ರೀಮಂತರಾದ ಜಮ್ಶೇಟ್‌ಜಿ ಜೀಜಿಭಾಯಿಯವರೂ ಮೋತಿಶಾ ಸೇಠರೆಂದು ಪ್ರಸಿದ್ಧರಾದ ಜೈನ ವರ್ತಕ ಮೋತಿಚಂದ್ ಅಮೀಚಂದರೂ ಮುಂದಾದುದರಿಂದ 1834ರಲ್ಲಿ ಮುಂಬಯಿಯ ಪಾಂಜರಾಪೋಳ ಸ್ಥಾಪನೆಯಾಯಿತು. ವರ್ತಕರು ತಮ್ಮ ವ್ಯಾಪಾರದ ಮೇಲೆ ತಾವೇ ಲಾಗಾ ಹಾಕಿಕೊಂಡು ಅದರ ವೆಚ್ಚವನ್ನು ಹೊತ್ತರು.

ನಮ್ಮ ಸಮಾಜ ಹೆಮ್ಮೆಪಡಬೇಕಾದ ಸಂಗತಿ ಇದು. ಆದರೆ ಇತಿಹಾಸ ಬರೆಯುವವನು ಅರ್ಧ ಪುಟ ಓದಿ ನಿಲ್ಲಬಾರದು. ಈ ಇಬ್ಬರು ಮಹನೀಯರ ಸಂಪತ್ತಿನ ದೊಡ್ಡ ಭಾಗ ಚೀನಾ ವ್ಯಾಪಾರದಿಂದ ಬಂದುದು. ಆ ವ್ಯಾಪಾರದ ಮುಖ್ಯ ಸರಕುಗಳು ಹತ್ತಿ ಮತ್ತು ಅಫೀಮು. ವಿಷವಾಣಿಜ್ಯವೂ ಹದಿನೈದು ಕರ್ಮಾದಾನಗಳಲ್ಲಿ ಒಂದೇ. ಮೋತಿಶಾ ಸೇಠರ ದಾನಬುದ್ಧಿಯನ್ನು ಕುಂದಿಸುವ ಉದ್ದೇಶ ನನಗಿಲ್ಲ. ಶತ್ರುಂಜಯದ ಮೇಲೆ ಅವರ ಹೆಸರಿನ ಟೂಕಿನಲ್ಲಿ ನಿಂತು ನಾನೂ ಕೈಮುಗಿದಿದ್ದೇನೆ. ಆದರೆ ಅಫೀಮಿನ ಪೆಟ್ಟಿಗೆಗಳಿಂದ ಬಂದ ಹಣ ನಾಯಿಗಳಿಗೆ ಅನ್ನವಾದಾಗ ಅದನ್ನು ಪುಣ್ಯವೆಂದು ಬರೆದುಕೊಂಡ ಸಮಾಜ, ನಾಯಿಗೆ ಕೈಯಾರೆ ನೀರಿಟ್ಟು ನೂರು ರೂಪಾಯಿ ಪಡೆದವನ ಮುಂದೆ ಕರ್ಮಾದಾನದ ಪಟ್ಟಿ ಹಿಡಿಯುತ್ತದೆಯಾದರೆ, ಆ ಪಟ್ಟಿಯನ್ನು ನಾವು ಓದುತ್ತಿರುವ ಕ್ರಮದಲ್ಲಿಯೇ ಏನೋ ದೋಷವಿದೆ.

ಇನ್ನೊಂದು ಮಾತು. ಪಾಂಜರಾಪೋಳಗಳಲ್ಲಿ ಹುಣ್ಣಿಗೆ ಔಷಧ ಹಚ್ಚಿದವರು, ಸಗಣಿ ಬಳಿದವರು, ರಾತ್ರಿ ಎದ್ದು ನೀರು ಕುಡಿಸಿದವರು ಸಂಬಳದ ಆಳುಗಳು. ನಾನು ನೋಡಿದ ಪಾಂಜರಾಪೋಳಗಳ ಗೋಡೆಗಳಲ್ಲಿ ದಾನಿಗಳ ಹೆಸರಿನ ಸಂಗಮರಮರಿ ಫಲಕಗಳಿವೆ, ಕೊಟ್ಟ ಮೊತ್ತವೂ ಕೊರೆದಿದೆ. ಆಳುಗಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಂಟು. ಹಣ ಕೊಟ್ಟವನಿಗೆ ಜೀವದಯೆ, ಹಣ ಪಡೆದವನಿಗೆ ಕೂಲಿ ಎಂದು ನಾವು ಎರಡು ಖಾತೆಗಳನ್ನು ಬರೆದಿಟ್ಟುಕೊಂಡು ಬಂದಿದ್ದೇವೆ.

ನಾಯಿ ಅಡ್ಡಾಡಿಸುವುದು ಪ್ರತ್ಯೇಕ ಉದ್ಯೋಗವಾಗಿ ಬೆಳೆದುದು ದೊಡ್ಡ ನಗರಗಳಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ. ನ್ಯೂಯಾರ್ಕಿನಲ್ಲಿ ಇದನ್ನು ವೃತ್ತಿಯಾಗಿ ನಿಲ್ಲಿಸಿದವನೆಂಬ ಕೀರ್ತಿ ಜಿಮ್ ಬಕ್ ಎಂಬವನದು. ಅನುಕೂಲಸ್ಥ ಮನೆಯಲ್ಲಿ ಹುಟ್ಟಿದ ಅವನು ಎಲೆಕ್ಟ್ರಾನಿಕ್ ಸಾಮಾನುಗಳ ಮಾರಾಟಗಾರನ ಕೆಲಸ ಬಿಟ್ಟು 1960ರ ದಶಕದ ಆರಂಭದಲ್ಲಿ ಇದಕ್ಕಿಳಿದನು. ಮುಂದೆ ಸುಮಾರು ಎರಡು ಡಜನ್ ಸಹಾಯಕರನ್ನು ಇಟ್ಟುಕೊಂಡು ದಿನಕ್ಕೆ ನೂರೈವತ್ತಕ್ಕೂ ಹೆಚ್ಚು ನಾಯಿಗಳನ್ನು ಅಡ್ಡಾಡಿಸಿದನು. 2013ರಲ್ಲಿ ತೀರಿಕೊಂಡಾಗ ಅಲ್ಲಿನ ದೊಡ್ಡ ಪತ್ರಿಕೆಗಳು ಅವನ ವಿಷಯ ಬರೆದವು. ಯಜಮಾನರ ಮನೆಯಲ್ಲೇ ಹೋಗಿ ಪ್ರಾಣಿ ನೋಡಿಕೊಳ್ಳುವವರು ಸಂಘ ಕಟ್ಟಿಕೊಂಡದ್ದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ಗಂಡಹೆಂಡಿರಿಬ್ಬರೂ ದುಡಿಯುವ, ಹಿರಿಯರು ಜೊತೆಯಲ್ಲಿಲ್ಲದ, ಮಹಡಿಯ ಮೇಲಿನ ಮನೆಗಳಲ್ಲಿ ನಾಯಿ ಹತ್ತು ಗಂಟೆ ಒಂಟಿಯಾಗಿ ಉಳಿಯುತ್ತದೆ. ಬೆಂಗಳೂರಿನ ಸ್ಥಿತಿಯೂ ಅದೇ ಆದುದರಿಂದ ಉದ್ಯೋಗವೂ ಇಲ್ಲಿಗೆ ಬಂದಿತು.

ನಮ್ಮ ದೇಶದ ಶಾಸನ ಇದನ್ನು ಮೊದಲೇ ಊಹಿಸಿದಂತಿದೆ. ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮನ್ನು ಶ್ರಾವಕರೆಲ್ಲರೂ ಒಮ್ಮೆ ಓದಬೇಕು. ಹೊಡೆಯುವುದು, ಮಿತಿಮೀರಿ ಭಾರ ಹೇರುವುದು, ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಅಂಗವನ್ನು ಕತ್ತರಿಸುವುದು, ಸಾಕಷ್ಟು ಅನ್ನ ನೀರು ನೆಲೆ ಕೊಡದಿರುವುದು ಇವೆಲ್ಲ ಅಪರಾಧಗಳು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಾಗಿ ಹೇಳಿರುವ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೇ ಅಲ್ಲವೇ ಇವು? ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಇಟ್ಟ ನಾಯಿಗೆ ತಾನಾಗಲಿ ಇತರರ ಮೂಲಕವಾಗಲಿ ತಕ್ಕಷ್ಟು ವ್ಯಾಯಾಮ ಕೊಡಿಸದ ಯಜಮಾನನನ್ನೂ ಅಪರಾಧಿಯೆನ್ನುತ್ತದೆ. ಇತರರ ಮೂಲಕ ಎಂಬ ಆ ಮಾತಿನಲ್ಲಿ ನಮ್ಮ ಹುಡುಗನ ಉದ್ಯೋಗ ಅಡಗಿದೆ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವೆಂಬ ಪದವನ್ನು ಬಿಡಿಸುವಾಗ, ಪ್ರಾಣಿಯು ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧ ಎನ್ನುತ್ತಾರೆ. ಹಾಗೆ ನೋಡಿದರೆ ಅಡ್ಡಾಡಿಸುವವನ ಕೈಯ ಹಗ್ಗವೂ ಬಂಧವೇ. ಈ ಆಕ್ಷೇಪ ನನಗೆ ಬಹಳ ದಿನ ಬಗೆಹರಿಯಲಿಲ್ಲ. ಆವಶ್ಯಕದ ವ್ಯಾಖ್ಯಾನ ಪರಂಪರೆಯಲ್ಲಿ ಅದಕ್ಕೆ ಸಮಾಧಾನ ದೊರೆಯಿತು. ಅಲ್ಲಿ ಕಟ್ಟುವುದನ್ನು ಕಾರಣವಿಲ್ಲದ್ದು, ಕಾರಣವುಳ್ಳದ್ದು ಎಂದು ವಿಭಾಗಿಸಿ, ಕಾರಣವುಳ್ಳದ್ದರಲ್ಲಿಯೂ ಜೀವದ ಮೇಲೆ ಲಕ್ಷ್ಯವಿಟ್ಟು ಕಟ್ಟುವುದು, ಲಕ್ಷ್ಯವಿಲ್ಲದೆ ಕಟ್ಟುವುದು ಎಂದು ಮತ್ತೆ ವಿಭಾಗಿಸುತ್ತಾರೆ. ಲಕ್ಷ್ಯವಿಟ್ಟು ಕಟ್ಟುವುದೆಂದರೆ ಸಡಿಲವಾದ ಗಂಟು, ಬೆಂಕಿ ಬಿದ್ದರೆ ತಟ್ಟನೆ ಬಿಚ್ಚಲು ಬರುವಂಥದು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೊಟ್ಟಿಗೆಯ ದನವನ್ನು ಕಣ್ಣಮುಂದಿಟ್ಟುಕೊಂಡು ಆಡಿದ ಮಾತು. ಈ ನಗರದ ವಾಹನಗಳ ನಡುವೆ ನಾಯಿಯನ್ನು ಹಗ್ಗವಿಲ್ಲದೆ ಬಿಡುವುದು ದಯೆಯಾಗಲಾರದು. ಹಗ್ಗ ಹೇಗಿದೆ, ಹಿಡಿದ ಕೈ ಹೇಗಿದೆ ಎಂಬುದೇ ವಿಚಾರ.

ಹಾಗಾದರೆ ಈ ವೃತ್ತಿ ನಿರ್ದೋಷವೇ? ಹಾಗೆಂದು ಹೇಳಲಾರೆ. ಅನ್ನದ ಪ್ರಶ್ನೆ ಉಳಿಯುತ್ತದೆ. ಯಜಮಾನರು ಬಿಟ್ಟುಹೋಗುವ ಡಬ್ಬಿಗಳಲ್ಲಿ, ಪೊಟ್ಟಣಗಳಲ್ಲಿ ಇರುವುದು ಬಹುಮಟ್ಟಿಗೆ ಮಾಂಸ. ಅದನ್ನು ತಟ್ಟೆಗೆ ಸುರಿಯುವವನು ಕೊಂದವನಲ್ಲ, ಕೊಂಡವನಲ್ಲ. ಆದರೂ ಕೃತ, ಕಾರಿತ, ಅನುಮೋದನೆ ಎಂದು ಮೂರು ಬಾಗಿಲುಗಳನ್ನು ಕಾಯುವ ಧರ್ಮದಲ್ಲಿ ಅದು ಸುಲಭವಾಗಿ ದಾಟುವ ವಿಷಯವಲ್ಲ. ಹುಡುಗನನ್ನು ಕೇಳಿದೆ. ಬೆಕ್ಕುಗಳನ್ನು ತಾನು ಒಪ್ಪಿಕೊಳ್ಳುವುದೇ ಇಲ್ಲ ಎಂದನು. ಬೆಕ್ಕು ಪ್ರಕೃತಿಯಿಂದಲೇ ಮಾಂಸಾಹಾರಿ, ಅದರ ದೇಹಕ್ಕೆ ಬೇಕಾದ ಕೆಲವು ಸತ್ತ್ವಗಳು ಸಸ್ಯಾಹಾರದಲ್ಲಿ ತಾವಾಗಿ ದೊರೆಯವು. ನಾಯಿ ಹಾಗಲ್ಲ, ಪಶುವೈದ್ಯರ ಸಲಹೆಯಂತೆ ಸಮತೋಲವಾಗಿ ಕೊಟ್ಟರೆ ಸಸ್ಯಾಹಾರದಲ್ಲಿ ಬದುಕಬಲ್ಲದು. ಆದ್ದರಿಂದ ತನ್ನ ಮನೆಯಲ್ಲಿಟ್ಟುಕೊಳ್ಳುವ ನಾಯಿಗೆ ಸಸ್ಯಾಹಾರವನ್ನೇ ಕೊಡುವುದಾಗಿ ಯಜಮಾನರಿಗೆ ಮೊದಲೇ ಹೇಳುತ್ತಾನೆ, ಒಪ್ಪದವರನ್ನು ಬಿಡುತ್ತಾನೆ. ಮರಿ ಹಾಕಿಸುವವರ ಕೆಲಸವನ್ನೂ ಹಿಡಿಯುವುದಿಲ್ಲ. ಇದರಿಂದ ಗಿರಾಕಿ ಕಡಮೆಯಾಗುವುದಿಲ್ಲವೇ ಎಂದೆ. "ಆಗ್ತದ ಕಾಕಾ. ನೀವು ಅಂಗಡ್ಯಾಗ ಬೀಡಿ ಸಿಗರೇಟ್ ಇಡಂಗಿಲ್ಲಲ್ಲ, ಹಂಗ" ಎಂದನು. ಮೂರು ದಶಕ ಕಿರಾಣಿ ವ್ಯಾಪಾರ ಮಾಡಿದವನಿಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿರಲಿಲ್ಲ.

ನಾನು ಕನ್ಯೆಯ ಹಿರಿಯರಿಗೆ ಎರಡನೆಯ ಪತ್ರ ಬರೆದೆ. ಮೊದಲಿನ ಪತ್ರದಲ್ಲಿ ಗ್ರಂಥವನ್ನು ಅರ್ಧ ನೋಡಿ ಬರೆದೆನೆಂದೂ, ಈ ಉದ್ಯೋಗವನ್ನು ನಿಷಿದ್ಧವೆಂದು ಹೇಳುವ ಅಧಿಕಾರ ನನಗಿರಲಿಲ್ಲವೆಂದೂ ಒಪ್ಪಿಕೊಂಡೆ. ಸೌಜನ್ಯದಿಂದ ಉತ್ತರ ಬಂದಿತು. ಆ ವೇಳೆಗೆ ಅವರ ಮಗಳ ವಿವಾಹ ಬೇರೆಡೆ ನಡೆದುಹೋಗಿತ್ತು. ಅದರ ನಕಲನ್ನು ಹುಡುಗನ ತಂದೆಗೂ ಕಳುಹಿಸಿದೆ. ಅವರಿಂದ ಇದುವರೆಗೆ ಉತ್ತರವಿಲ್ಲ.

ಕಳೆದ ದೀಪಾವಳಿಗೆ ಹುಡುಗನು ಊರಿಗೆ ಬರಲಿಲ್ಲ. ಎಲ್ಲರೂ ಪರಸ್ಥಳಕ್ಕೆ ಹೋಗುವ ಕಾಲ, ಪಟಾಕಿಯ ಸದ್ದಿಗೆ ನಾಯಿಗಳು ನಡುಗುವ ಕಾಲ; ಅವನಿಗೆ ವರ್ಷದಲ್ಲಿ ಹೆಚ್ಚು ಕೆಲಸವಿರುವ ದಿನಗಳೇ ಅವು. ಮಹಾವೀರ ನಿರ್ವಾಣದ ಬೆಳಗ್ಗೆ ಬಸದಿಯಿಂದ ಮನೆಗೆ ಬಂದು ಫೋನು ಮಾಡಿದೆ. ಕಿಟಕಿಗಳನ್ನೆಲ್ಲ ಮುಚ್ಚಿ, ನಾಲ್ಕು ನಾಯಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು, ನಸುಕಿನಲ್ಲಿಯೇ ಅವುಗಳ ನಡುವೆ ಕುಳಿತು ನಿರ್ವಾಣಪೂಜೆಯ ಪಾಠವನ್ನು ಗಟ್ಟಿಯಾಗಿ ಓದಿದನಂತೆ. ಮೂರು ಮಲಗಿಬಿಟ್ಟವಂತೆ, ಒಂದು ಮಾತ್ರ ಇನ್ನೂ ಮಂಚದ ಕೆಳಗೇ ಇದೆ, ಹೊರಗೆ ಬರುತ್ತಿಲ್ಲ ಎಂದು ಹೇಳಿ ಫೋನಿಟ್ಟನು.